ಘನಸಂಖ್ಯೆಗಳಲ್ಲಿ 7 ಎಷ್ಟು ಸಲ? ಹಂತ ಹಂತವಾಗಿ ಎಣಿಸೋಣ

ಕಡೂರು, ತರೀಕೆರೆ, ಅಜ್ಜಂಪುರ ಮೂರರ ಪಿನ್‌ಕೋಡ್ ಕೂಡ 577ರಿಂದಲೇ ಶುರು. ಈ ಕಡೆಯ ಮಕ್ಕಳಿಗೆ 7 ಪರಿಚಯದ ಅಂಕಿ, ಅದನ್ನೇ ಹುಡುಕೋಣ: 1ರಿಂದ 20ರವರೆಗಿನ ಸಂಖ್ಯೆಗಳ ಘನಗಳಲ್ಲಿ 7 ಎಷ್ಟು ಸಲ ಬರುತ್ತದೆ? ಚೌಕಳಿ ಪುಸ್ತಕ, ಪೆನ್ಸಿಲ್ ಇದ್ದರೆ ಸಾಕು.

ಹಂತ 1: ಘನಗಳ ಪಟ್ಟಿ
ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೊಮ್ಮೆ ಅದರಿಂದಲೇ ಗುಣಿಸಿದರೆ ಘನ. ಗುಣಿಸುವುದು ಬೇಸರವಾದರೆ ಕೂಡುತ್ತಲೇ ಹೋಗಬಹುದು. 1ಕ್ಕೆ 7 ಕೂಡಿಸಿ, 8. ಅದಕ್ಕೆ 19 ಕೂಡಿಸಿ, 27. ಆಮೇಲೆ 37, 61, 91. ಕೂಡಿಸುವ ಸಂಖ್ಯೆ ಪ್ರತಿಸಲ 12, 18, 24, 30 ಹೀಗೆ ಏರುತ್ತದೆ. ಒಂದು ಕಡೆ ತಪ್ಪಿದರೆ ಕೆಳಗಿನದ್ದೆಲ್ಲ ತಪ್ಪುತ್ತದೆ. ಆದ್ದರಿಂದ ಹತ್ತನೆಯದು 1000, ಇಪ್ಪತ್ತನೆಯದು 8000 ಬಂತೇ ಎಂದು ನೋಡಿಕೊಳ್ಳಿ.

ಹಂತ 2: ಏನನ್ನು ಎಣಿಸುತ್ತೀರಿ?
3 ಇರುವ ಘನಗಳು ಐದು: 343, 1331, 3375, 4913, 5832. ಆದರೆ 3 ಬಂದಿರುವುದು ಎಂಟು ಸಲ. ಸಂಖ್ಯೆ ಎಣಿಸುವುದು ಬೇರೆ, ಅಂಕಿ ಎಣಿಸುವುದು ಬೇರೆ. ಇಲ್ಲಿ ಅಂಕಿಯನ್ನೇ ಎಣಿಸೋಣ.

ಹಂತ 3: ಗೆರೆ
0ರಿಂದ 9ರವರೆಗೆ ಹತ್ತು ಸಾಲು ಮಾಡಿ. ಲೋಡಿನಿಂದ ತೆಂಗಿನಕಾಯಿ ಇಳಿಸುವಾಗ ಗೆರೆ ಹಾಕುವಂತೆ ಪ್ರತಿ ಅಂಕಿಗೂ ಒಂದು ಗೆರೆ, ಐದನೆಯದು ಅಡ್ಡ. 7 ಸಿಗುವುದು 27, 729, 1728, 2197, 2744, 3375ರಲ್ಲಿ. ಒಟ್ಟು ಆರು ಸಲ.

ಹಂತ 4: ತಾಳೆ
7ಕ್ಕೆ ಮಾತ್ರ ಗೆರೆ ಹಾಕಿದ್ದರೆ ತಾಳೆ ನೋಡಲು ದಾರಿಯಿರಲಿಲ್ಲ. ಪಟ್ಟಿಯಲ್ಲಿರುವ ಒಟ್ಟು ಅಂಕಿಗಳು 65. ಸೊನ್ನೆಯಿಂದ ಕ್ರಮವಾಗಿ 7, 10, 9, 8, 6, 5, 4, 6, 5, 5. ಕೂಡಿ ನೋಡಿ.

ಹಂತ 5: ಸ್ಥಾನ ಬಿಡಿಸಿ ನೋಡಿ
ನನಗೆ ತುಂಬ ಇಷ್ಟವಾದ ಹಂತ ಇದು. ಬಿಡಿ ಸ್ಥಾನವನ್ನಷ್ಟೇ ಎಣಿಸಿದರೆ ಹತ್ತು ಅಂಕಿಗಳೂ ಸರಿಯಾಗಿ ಎರಡೆರಡು ಸಲ ಬರುತ್ತವೆ. 2 ಮತ್ತು 8, 3 ಮತ್ತು 7 ತಮ್ಮತಮ್ಮಲ್ಲೇ ಜಾಗ ಬದಲಿಸಿಕೊಳ್ಳುತ್ತವೆ. ಉಳಿದವು ತಮ್ಮಲ್ಲೇ ಮುಗಿಯುತ್ತವೆ. ಬೆಂಗಳೂರಿನ ಶಕುಂತಲಾ ದೇವಿಯವರು 6,16,29,875ರ ಘನಮೂಲ 395 ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಹೇಳಿದ್ದು ಪ್ರಸಿದ್ಧ. ಆ ಉತ್ತರ 5ರಲ್ಲೇ ಮುಗಿಯಬೇಕು ಎಂಬುದನ್ನು ಈಗ ನೀವೂ ಹೇಳಬಲ್ಲಿರಿ.

ಮೊದಲ ಅಂಕಿಯಲ್ಲಿ ಈ ಸಮಪಾಲು ಇಲ್ಲ. 1 ಐದು ಸಲ, 9 ಒಮ್ಮೆಯೂ ಇಲ್ಲ. 1000ದಿಂದ 2000 ಮುಟ್ಟಲು ಸಂಖ್ಯೆ ಇಮ್ಮಡಿಯಾಗಬೇಕು, ಆ ಹಾದಿಯಲ್ಲಿ 10, 11, 12ರ ಘನಗಳು ಸಿಗುತ್ತವೆ. 9000ದಿಂದ 10000ಕ್ಕೆ ಒಂಬತ್ತನೇ ಒಂದು ಪಾಲು ಬೆಳೆದರೆ ಸಾಕು. ಅಲ್ಲಿ ಸಿಗುವುದು 21ರ ಘನ 9261 ಮಾತ್ರ. ಎಲ್ಲಿಗೆ ನಿಲ್ಲಿಸಿದಿರಿ ಎಂಬುದನ್ನು ಉತ್ತರದ ಜೊತೆ ಬರೆಯಲೇಬೇಕಾದದ್ದು ಇದಕ್ಕೇ.

ಮುಂದಕ್ಕೆ ಹೋಗುವವರು 22ರಿಂದ 46ರವರೆಗೆ ಮಾಡಿ. ಎಲ್ಲವೂ ಐದಂಕಿಯ ಘನಗಳು, ಒಟ್ಟು ಗೆರೆ 125 ಬರಬೇಕು.