ಆರಕ್ಕೆ ಹತ್ತು, ಒಂದಕ್ಕೆ ಎಂಟು

ಹುಬ್ಬಳ್ಳಿ ಸುತ್ತಮುತ್ತಲ ಮದುವೆ ವಿಡಿಯೊ ಸ್ಟುಡಿಯೊಗಳಿಗೆ ಕಂಪ್ಯೂಟರ್, ಸರ್ವರ್, ನೆಟ್‌ವರ್ಕ್ ಜೋಡಿಸಿಕೊಡುವುದು ನನ್ನ ಕಸುಬು. ಅಲ್ಲಿ ಪದೇ ಪದೇ ಕೇಳಿಬರುವ ತಕರಾರು ಒಂದೇ. "ಡಿಸ್ಕ್ ಮ್ಯಾಲೆ ಆರು ಜಿಬಿ ಅಂತ ಬರದೈತ್ರಿ ಸರ್, ಕಾಪಿ ಮಾಡಾಕ ಹೋದ್ರ ನೂರಾ ಹನ್ನೆರಡು ಎಂಬಿ ಮ್ಯಾಲೆ ಏರವಲ್ದು. ಡುಪ್ಲಿಕೇಟ್ ಡಿಸ್ಕ್ ಕೊಟ್ಟಾರೇನ್ರಿ?"

ಡುಪ್ಲಿಕೇಟ್ ಅಲ್ಲ. ಡಿಸ್ಕಿನವರದೊಂದು ಲೆಕ್ಕ, ನೆಟ್‌ವರ್ಕಿನವರದು ಇನ್ನೊಂದು. ಬೈಟ್ ಎಂದರೆ ಎಂಟು ಬಿಟ್, ಹಾಗಾಗಿ ಎಂಟರಿಂದ ಭಾಗಿಸಿದರೆ ಮುಗಿಯಿತು ಎಂದು ಎಲ್ಲರೂ ಹೇಳುತ್ತಾರೆ. ನೆಟ್‌ವರ್ಕಿಗೆ ಅದು ಸರಿ: 1 ಗಿಗಾಬಿಟ್ ಎಂದರೆ ಸೆಕೆಂಡಿಗೆ 125 ಮೆಗಾಬೈಟ್. ಅದೇ ಸೂತ್ರವನ್ನು ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ 6 ಗಿಗಾಬಿಟ್ ಸಾಟಾಗೆ ಹಚ್ಚಿದರೆ 750 ಬರುತ್ತದೆ, ಅದು ತಪ್ಪು. ಸಾಟಾದಲ್ಲಿ ಪ್ರತಿ ಎಂಟು ಬಿಟ್ ಮಾಹಿತಿಗೆ ತಂತಿಯ ಮೇಲೆ ಹತ್ತು ಬಿಟ್ ಓಡುತ್ತವೆ. ಸೊನ್ನೆ ಒಂದುಗಳು ಒಂದೇ ಕಡೆ ವಾಲದಂತೆ, ಆ ತುದಿಯ ಚಿಪ್ ತಾಳ ತಪ್ಪದಂತೆ ಮಾಡಿದ ಏರ್ಪಾಡು ಅದು. 8ಬಿ/10ಬಿ ಎಂದು ಹೆಸರು. ಐಬಿಎಂನ ವಿಡ್ಮರ್ ಮತ್ತು ಫ್ರಾನಾಸ್ಜೆಕ್ 1983ರಲ್ಲಿ ಪ್ರಕಟಿಸಿದ್ದು. ಹಾಗಾಗಿ ಸಾಟಾವನ್ನು ಹತ್ತರಿಂದ ಭಾಗಿಸಬೇಕು: 600 ಮೆಗಾಬೈಟ್. ನೆಟ್‌ವರ್ಕಿನ ಭಾಷೆಯಲ್ಲಿ ಅದು ಆರಲ್ಲ, 4.8 ಗಿಗಾಬಿಟ್.

ತಮಾಷೆಯೆಂದರೆ ಆಪ್ಟಿಕಲ್ ಫೈಬರಿನ ಗಿಗಾಬಿಟ್ ಈಥರ್ನೆಟ್ ಕೂಡ ಇದೇ 8ಬಿ/10ಬಿ ಬಳಸುತ್ತದೆ. ಅಲ್ಲಿ ನಿಜವಾಗಿ ಓಡುವುದು 1.25 ಗಿಗಾಬಿಟ್, ಹೆಸರಿನಲ್ಲಿರುವುದು 1. ಎಪಿಎಂಸಿಯಲ್ಲಿ ಮೆಣಸಿನಕಾಯಿ ತೂಗುವುದನ್ನು ಕಂಡವರಿಗೆ ಇದು ಬೇಗ ಹೊಳೆಯುತ್ತದೆ: ಡಿಸ್ಕಿನವರು ಚೀಲ ಸಮೇತ ತೂಗಿ ಹೇಳುತ್ತಾರೆ, ನೆಟ್‌ವರ್ಕಿನವರು ಚೀಲ ಕಳೆದು. 10 ಗಿಗಾಬಿಟ್ ನೆಟ್‌ವರ್ಕಿನಲ್ಲೂ ಫೈಬರಿನ ಮೇಲೆ 10.3125 ಓಡಿ, ಕೈಗೆ ಹತ್ತು ಸಿಗುತ್ತದೆ. ಆದ್ದರಿಂದ 10 ಗಿಗಾಬಿಟ್ ನೆಟ್‌ವರ್ಕ್ ಸಾಟಾಕ್ಕಿಂತ ಒಂದೂವರೆ ಪಟ್ಟಷ್ಟೇ ಅಲ್ಲ, ಎರಡು ಪಟ್ಟಿಗೂ ತುಸು ಹೆಚ್ಚೇ ದೊಡ್ಡದು. ಯುಎಸ್‌ಬಿ 3.0ರ 5 ಗಿಗಾಬಿಟ್ ಕೂಡ ಚೀಲ ಸಮೇತದ ಲೆಕ್ಕ: 500 ಮೆಗಾಬೈಟ್, ಅದೂ ಕಾಗದದ ಮೇಲೆ.

ಇನ್ನು ಆ 112ರ ಮಾತು. ಗಿಗಾಬಿಟ್‌ನ 125ರಲ್ಲಿ ಪ್ರತಿ ಪ್ಯಾಕೆಟ್ಟಿನ ವಿಳಾಸ, ತಪಾಸಣೆ, ನಡುವಿನ ಖಾಲಿ ಜಾಗ ಎಲ್ಲ ಕಳೆದರೆ ಫೈಲಿಗೆ ಸಿಗುವುದು 118ರ ಆಸುಪಾಸು. ವಿಂಡೋಸ್ ಎಂಬಿಯನ್ನು 1024ರ ಲೆಕ್ಕದಲ್ಲಿ ಎಣಿಸುವುದರಿಂದ ಕಾಪಿ ಕಿಟಕಿಯಲ್ಲಿ ಅದೇ 112 ಆಗಿ ಕಾಣುತ್ತದೆ. ಅಂದರೆ 112 ಕಂಡರೆ ಎಲ್ಲ ನೆಟ್ಟಗಿದೆ ಎಂದರ್ಥ, ಡಿಸ್ಕನ್ನು ಬೈಯಬೇಡಿ. 11.2ಕ್ಕೆ ಅಂಟಿಕೊಂಡಿದೆಯೇ? ಆಗಲೂ ಡಿಸ್ಕ್ ಬಿಡಿ, ಕೇಬಲ್ ನೋಡಿ. ಗಿಗಾಬಿಟ್‌ಗೆ ಎಂಟೂ ಎಳೆ ಬೇಕು. ಒಂದು ಎಳೆ ಕಡಿದರೂ ಹಲವು ಸಲ ಎರಡೂ ಕಡೆಯವು ಮಾತಾಡಿಕೊಂಡು 100 ಮೆಗಾಬಿಟ್‌ಗೆ ಇಳಿದುಬಿಡುತ್ತವೆ, ಯಾರಿಗೂ ಹೇಳದೆ. ಸ್ಟುಡಿಯೊ ಅಟ್ಟದ ಇಲಿಗಳಿಗೆ ಕೇಬಲ್ ಅಂದರೆ ಅದೇನು ಪ್ರೀತಿಯೋ! ಕಡಿದ ಕಡೆ ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿದರೆ, ಒಂದು ತಾಸಿನ 4ಕೆ ವಿಡಿಯೊ ಕಾಪಿಯಾಗಲು ಹಿಡಿಯುತ್ತಿದ್ದ ಒಂದು ತಾಸು ಆರೇಳು ನಿಮಿಷಕ್ಕೆ ಇಳಿಯುತ್ತದೆ.

ಅಂದಮೇಲೆ ಗಿರಾಕಿ ಹತ್ತಿರ ಎಲ್ಲವನ್ನೂ ಮೆಗಾಬಿಟ್‌ನಲ್ಲೇ ಮಾತಾಡುವುದು ನನ್ನ ರೂಢಿ. ಕ್ಯಾಮೆರಾ ಹೇಗೂ ಅದೇ ಭಾಷೆಯಲ್ಲಿದೆ: ಮದುವೆಗೆ ತರುವ 4ಕೆ ಕ್ಯಾಮೆರಾಗಳಲ್ಲಿ 100 ಮೆಗಾಬಿಟ್ ಸಾಮಾನ್ಯ. ಮುಹೂರ್ತದ ದೃಶ್ಯಕ್ಕೆ ಮೂರು ಕ್ಯಾಮೆರಾ ಕೂಡಿಸಿ ಎಡಿಟ್ ಮಾಡುವವನಿಗೆ 300. ಮೂವರು ಕೂತರೆ 900. ಸರ್ವರಿನ ಒಂದು ಗಿಗಾಬಿಟ್ ಪೋರ್ಟಿನಲ್ಲಿ ಸಿಗುವುದು 940. ನಾಲ್ಕನೆಯವನು ಕೂತ ಕೂಡಲೇ ಎಲ್ಲರ ಟೈಮ್‌ಲೈನ್ ತೊದಲುತ್ತದೆ. ಆಗ ಮಾಲೀಕರು ಹೇಳುವುದು, "ಹೊಸ ಡಿಸ್ಕ್ ಹಾಕೋಣ್ರಿ." ಡಿಸ್ಕಿನ ಅಂಗಡಿಯವನೂ ಅದನ್ನೇ ಹೇಳುತ್ತಾನೆ, ಅವನಿಗೆ ಮಾರುವುದಿದೆ. ಒಳ್ಳೆಯ ಹಾರ್ಡ್ ಡಿಸ್ಕ್ ಹೊರಸುತ್ತಿನಲ್ಲಿ 200 ಮೆಗಾಬೈಟ್ ದಾಟುತ್ತದೆ, ಒಳಸುತ್ತಿಗೆ ಬಂದಾಗ ಹೆಚ್ಚುಕಡಿಮೆ ಅರ್ಧ. ಅದರ ಮೇಲೆ ಬರೆದ 6 ಗಿಗಾಬಿಟ್ ಬರೀ ಬಾಗಿಲಿನ ಅಗಲ. ಆದರೂ ನಾಲ್ಕು ಡಿಸ್ಕ್ ಕೂಡಿದ ಸರ್ವರ್ ಒಂದು ಗಿಗಾಬಿಟ್‌ನ್ನು ಸಲೀಸಾಗಿ ತುಂಬಿಸಿಬಿಡುತ್ತದೆ.

ಇಂಥ ಕಡೆ ನಾನು 2.5 ಗಿಗಾಬಿಟ್ ಸ್ವಿಚ್ ಹಾಕಿಸುತ್ತೇನೆ. 2016ರಲ್ಲಿ ಬಂದ ಈ ಮಟ್ಟ ಹಳೆಯ ಕ್ಯಾಟ್ 5ಇ ಕೇಬಲ್ಲಿನ ಮೇಲೇ 100 ಮೀಟರ್ ಓಡುತ್ತದೆ. ಗೋಡೆ ಕೊರೆಯುವ ರಗಳೆಯಿಲ್ಲ. ಕಾಪಿ ಕಿಟಕಿಯಲ್ಲಿ 280 ಕಂಡಾಗ ಮಾಲೀಕರ ಮುಖ ಅರಳುತ್ತದೆ. ಮರುದಿನ ಫೋನ್: "ಸರ್, ಕ್ಯಾಮೆರಾ ಕಾರ್ಡಿಂದ ಹಾಕಿದ್ರ ತೊಂಬತ್ತೂ ದಾಟವಲ್ದಲ್ರಿ?" ಅದು ಯುಎಚ್‌ಎಸ್-1 ಕಾರ್ಡು, ಅದರ ಮಿತಿಯೇ 104 ಮೆಗಾಬೈಟ್, ನೆಟ್‌ವರ್ಕಿನ ಲೆಕ್ಕದಲ್ಲಿ 832 ಮೆಗಾಬಿಟ್. ಹಳೆಯ ಗಿಗಾಬಿಟ್ ಸ್ವಿಚ್ಚೂ ಅದಕ್ಕೆ ಸಾಕಾಗಿತ್ತು.