ಬಿಲ್ಲಿನ ಬಿದಿರಿಗೆ ಬೆಂಕಿಯ ಹದ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಪ್ರದೇಶವು ಕಬ್ಬು, ಬೆಲ್ಲ ಹಾಗೂ ನೇಯ್ಗೆಗೆ ಹೆಸರಾದ ಬಯಲುಸೀಮೆ. ಮಲೆನಾಡಿನಂತೆ ಬಿದಿರ ಮೆಳೆಗಳು ಇಲ್ಲಿ ದಟ್ಟವಾಗಿ ಬೆಳೆಯುವುದಿಲ್ಲ. ಆದರೂ ಕೂಸಿನ ತೊಟ್ಟಿಲು, ಕಾಳು ಕೇರುವ ಮರ, ರೊಟ್ಟಿಯ ಬುಟ್ಟಿ, ಧಾನ್ಯದ ಕಣಜ, ನಿಚ್ಚಣಿಕೆ ಇವೆಲ್ಲವುಗಳ ಮೂಲಕ ಬಿದಿರು ಇಲ್ಲಿಯ ಬಾಳಿನೊಡನೆ ಬೆರೆತಿದೆ. ಹನ್ನೆರಡನೆಯ ಶತಮಾನದ ಶರಣ ಮೇದಾರ ಕೇತಯ್ಯನವರಿಗೆ ಬಿದಿರಿನ ಕೆಲಸವೇ ಕಾಯಕವಾಗಿತ್ತು. ಬುಟ್ಟಿಗೆ ಒದಗುವ ಅದೇ ಬಿದಿರು ಬಿಲ್ಲಿಗೂ ಒದಗುತ್ತದೆ. ಆದರೆ ಬಿಲ್ಲಾಗಬೇಕಾದ ಬಿದಿರಿಗೆ ಬೆಂಕಿಯ ಸಂಸ್ಕಾರ ಅವಶ್ಯ. ಆ ಸಂಸ್ಕಾರದ ರೀತಿಯನ್ನೂ ಅದರ ಕಾರಣವನ್ನೂ ಅರಿಯುವುದು ಈ ಪಾಠದ ಉದ್ದೇಶ.

ಪರಂಪರೆ

ಬಿಲ್ಲು ಈ ನೆಲಕ್ಕೆ ಹೊಸದಲ್ಲ. ಇದೇ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿನ ಪಾಪನಾಥ ದೇವಾಲಯದ ಗೋಡೆಗಳಲ್ಲಿ ರಾಮಾಯಣದ ಕಥೆಯೂ ಕಿರಾತಾರ್ಜುನರ ಪ್ರಸಂಗವೂ ಎಂಟನೆಯ ಶತಮಾನದ ಶಿಲ್ಪಗಳಾಗಿ ನಿಂತಿವೆ. ಅದಕ್ಕೂ ಹಿಂದಿನ ಕೌಟಿಲ್ಯನ ಅರ್ಥಶಾಸ್ತ್ರವು ಬಿಲ್ಲಿಗೆ ಯೋಗ್ಯವಾದ ವಸ್ತುಗಳನ್ನು ಹೆಸರಿಸುವಾಗ ತಾಳೆ, ಬಿದಿರು, ಮರ, ಕೊಂಬು ಎಂಬ ನಾಲ್ಕನ್ನು ಹೇಳುತ್ತದೆ. ಹೆದೆಗೆ ಒದಗುವ ನಾರುಗಳಲ್ಲಿ ಎಕ್ಕವೂ ಸೇರಿದೆ. ಎಕ್ಕದ ಗಿಡವನ್ನು ಈ ಭಾಗದ ಹೊಲಗಳ ಬದುಗಳಲ್ಲಿ ಕಾಣದವರಿಲ್ಲ.

ಆಯುಧವನ್ನು ಬದುಕಿನ ಅಂಗವೆಂದು ಬಗೆದ ಜನರೂ ಇಲ್ಲಿದ್ದರು. ಜನರು ಆಯುಧಗಳನ್ನು ಒಪ್ಪಿಸಬೇಕೆಂದು ಆಂಗ್ಲ ಸರಕಾರವು 1857ರಲ್ಲಿ ಆಜ್ಞೆ ಹೊರಡಿಸಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ತಿರಸ್ಕರಿಸಿ ಹೋರಾಡಿದರು. ಅನೇಕರು ಪ್ರಾಣ ತೆತ್ತರು. ಮುಂದೆ 1878ರ ಶಸ್ತ್ರ ಕಾಯ್ದೆಯು ಬಂದೂಕು, ಕತ್ತಿ, ಈಟಿಗಳೊಡನೆ ಬಿಲ್ಲುಬಾಣಗಳನ್ನೂ ಶಸ್ತ್ರಗಳ ಸಾಲಿಗೆ ಸೇರಿಸಿತು. ಕಾಯ್ದೆಯ ಕಣ್ಣಿಗೆ ಬಿದ್ದ ವಸ್ತುವನ್ನು ಮಾಡುವ ಕೌಶಲವು ನಿರಾತಂಕವಾಗಿ ಬೆಳೆಯಲಾರದು. ಬರಹಕ್ಕಿಳಿಯದೆ ಕೈಯಿಂದ ಕೈಗೆ ಸಾಗುವ ವಿದ್ಯೆಯು ಒಂದು ತಲೆಮಾರಿನಲ್ಲಿ ಕಡಿದರೂ ಸಾಕು, ಮತ್ತೆ ದೊರೆಯುವುದು ಕಷ್ಟ.

ಬಿದಿರಿನ ರಚನೆ

ಬಿಲ್ಲನ್ನು ಬಗ್ಗಿಸಿದಾಗ ಅದರ ಎರಡು ಮೈಗಳ ಮೇಲೆ ಎರಡು ವಿರುದ್ಧ ಬಲಗಳು ಬೀಳುತ್ತವೆ. ಗುರಿಯ ಕಡೆಗಿರುವ ಬೆನ್ನು ಹಿಗ್ಗಲು ಎಳೆಯಲ್ಪಡುತ್ತದೆ. ಬಿಲ್ಲುಗಾರನ ಕಡೆಗಿರುವ ಒಡಲು ಒತ್ತಲ್ಪಟ್ಟು ಕುಗ್ಗುತ್ತದೆ. ಬಿದಿರಿನ ಗಟ್ಟಿ ನಾರುಗಳು ಹೊರಸಿಪ್ಪೆಯ ಬಳಿ ಒತ್ತಾಗಿಯೂ ಒಳಭಾಗದಲ್ಲಿ ವಿರಳವಾಗಿಯೂ ಇರುತ್ತವೆ. ಆದುದರಿಂದ ಹೊರಮೈಯನ್ನು ಬೆನ್ನಾಗಿಯೂ ಒಳಮೈಯನ್ನು ಒಡಲಾಗಿಯೂ ಇರಿಸುವುದು ಬಿದಿರಿನ ಬಿಲ್ಲಿನ ಮೊದಲ ನಿಯಮ. ಬೆನ್ನಿನ ನಾರುಗಳನ್ನು ಕತ್ತರಿಸಬಾರದು. ಕೆತ್ತುವ ಕೆಲಸವೆಲ್ಲ ಒಡಲಿನ ಕಡೆಗೇ ನಡೆಯಬೇಕು.

ಇದಕ್ಕೆ ಮೂರು ನಾಲ್ಕು ವರ್ಷ ಬಲಿತ ಬಿದಿರು ಉತ್ತಮ. ಒಳಗೆ ಹೆಚ್ಚು ಟೊಳ್ಳಿಲ್ಲದ ಗಟ್ಟಿ ಜಾತಿಯ ಬಿದಿರು ಇನ್ನೂ ಲೇಸು. ಮಳೆಗಾಲ ಕಳೆದ ಮೇಲೆ, ಚಳಿಯ ದಿನಗಳಲ್ಲಿ ಕಡಿಯುವುದು ವಾಡಿಕೆ. ಹೊಸ ಕಳಲೆಗಳ ಬೆಳವಣಿಗೆಗೆ ಪಿಷ್ಟವು ವ್ಯಯವಾಗಿರುವುದರಿಂದ ಆಗ ಕೊರೆಹುಳುವಿನ ಕಾಟ ಕಡಿಮೆ. ಕಡಿದ ಬಿದಿರನ್ನು ಸೀಳಿ ನೆರಳಿನಲ್ಲಿ ಆರಿಸಬೇಕು. ಈ ಸೀಮೆಯ ಬಿರುಬಿಸಿಲಿಗೆ ಒಡ್ಡಿದರೆ ಅದು ಬಿರುಕು ಬಿಡುತ್ತದೆ.

ಕಾಯಿಸುವ ಕ್ರಮ

ಇಡಿಯ ಗಳುವನ್ನು ಬೆಂಕಿಗೆ ಹಿಡಿಯಲೇಬಾರದು. ಗಿಣ್ಣುಗಳ ನಡುವೆ ಸೆರೆಯಾದ ಗಾಳಿಯೂ ನೀರಿನ ಆವಿಯೂ ಹಿಗ್ಗಿ ಗಳುವು ಸಿಡಿಯುತ್ತದೆ. ಸೀಳಿ, ಕೆತ್ತಿ, ಆರಿಸಿದ ಪಟ್ಟಿಯನ್ನು ಉರಿಯಡಗಿದ ಕೆಂಡದ ಮೇಲೆ, ಒಡಲು ಕೆಳಗಾಗಿ ಬೆನ್ನು ಮೇಲಾಗಿ ಹಿಡಿಯಬೇಕು. ಒಂದೆಡೆ ನಿಲ್ಲಿಸದೆ ಉದ್ದಕ್ಕೂ ಸಾಗಿಸುತ್ತಿರಬೇಕು. ಶಾಖವೇರಿದಂತೆ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ವಸ್ತುವು ಮೆದುವಾಗುತ್ತದೆ. ಆಗಲೇ ಸೊಟ್ಟನ್ನು ನೆಟ್ಟಗೆ ಮಾಡಬಹುದು. ಬೇಕಾದ ಬಾಗನ್ನೂ ಕೊಡಬಹುದು. ಆದರೆ ಪೂರ್ತಿ ತಣ್ಣಗಾಗುವವರೆಗೆ ಆ ಆಕಾರದಲ್ಲಿಯೇ ಬಿಗಿದಿರಿಸದಿದ್ದರೆ ಬಿದಿರು ಹಳೆಯ ಆಕಾರಕ್ಕೆ ಮರಳುತ್ತದೆ.

ಇನ್ನಷ್ಟು ಕಾಯಿಸಿದಾಗ ಒಡಲಿನ ಬಣ್ಣವು ಒಣಹುಲ್ಲಿನಿಂದ ಜೇನಿನ ಬಣ್ಣಕ್ಕೂ, ಅಲ್ಲಿಂದ ಬೆಲ್ಲದ ಬಣ್ಣಕ್ಕೂ ತಿರುಗುತ್ತದೆ. ತೇವವು ಹೊರಹೋಗುತ್ತದೆ, ನೀರನ್ನು ಹೀರುವ ಘಟಕಗಳು ಶಿಥಿಲಗೊಳ್ಳುತ್ತವೆ, ಹುಳುವಿನ ಮೊಟ್ಟೆಗಳು ನಾಶವಾಗುತ್ತವೆ. ಒಡಲು ಬಿರುಸಾಗಿ ಒತ್ತಡವನ್ನು ಹೆಚ್ಚು ತಾಳುತ್ತದೆ. ಇಷ್ಟಾದ ಮೇಲೆ ಕೂಡಲೇ ಹೆದೆಯೇರಿಸುವುದು ದೊಡ್ಡ ತಪ್ಪು. ಅತಿಯಾಗಿ ಒಣಗಿದ ಬಿದಿರು ಬಗ್ಗಿಸಿದೊಡನೆ ಮುರಿಯಬಹುದು. ಗಾಳಿಯ ತೇವವನ್ನು ತಕ್ಕಷ್ಟು ಮರಳಿ ಪಡೆಯಲು ಅದನ್ನು ಒಂದೆರಡು ವಾರ ಹಾಗೆಯೇ ಬಿಡಬೇಕು.

ಅತಿಯಾದರೆ

ಬಿರುಸು ಬೇರೆ, ತಾಳಿಕೆ ಬೇರೆ. ಬೆಂಕಿಯು ಮೊದಲನೆಯದನ್ನು ಕೊಡುವಾಗ ಎರಡನೆಯದರಲ್ಲಿ ಸ್ವಲ್ಪವನ್ನು ಕಳೆಯುತ್ತದೆ. ಶಾಖವು ಸುಮಾರು 200 ಡಿಗ್ರಿ ಸೆಲ್ಸಿಯಸ್ ಮೀರಿದರೆ ನಾರುಗಳೇ ಕೆಡತೊಡಗಿ, ಬಿದಿರು ಪೆಡಸಾಗುತ್ತದೆ. ಎಳೆತಕ್ಕೆ ಒಳಗಾಗುವ ಬೆನ್ನನ್ನು ಕೆಂಡದಿಂದ ದೂರವಿಡುವುದು ಇದಕ್ಕಾಗಿಯೇ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವನು ಪಾಕದ ಬಣ್ಣ ನೋಡಿ ಹದವನ್ನು ಅರಿಯುತ್ತಾನೆ. ಒಂದು ಗಳಿಗೆ ತಡವಾದರೆ ಬೆಲ್ಲ ಕರಕಾಗುತ್ತದೆ. ಬಿಲ್ಲಿನ ಬಿದಿರಿನದೂ ಅದೇ ನ್ಯಾಯ. ಆದರೆ ಕೆಟ್ಟ ಬೆಲ್ಲದಿಂದ ನಷ್ಟವಷ್ಟೇ; ಎಳೆದು ಹಿಡಿದ ಬಿಲ್ಲು ಮುರಿದರೆ ಅದರ ಸೀಳು ಕಣ್ಣಿಗೆ ನಾಟಬಹುದು.

ಪ್ರಯೋಗ

ಇದನ್ನು ಶಾಲೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಗಳುವಿನಿಂದ ಅಕ್ಕಪಕ್ಕದಲ್ಲಿ ಸೀಳಿದ, 50 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪದ ಎರಡು ಪಟ್ಟಿಗಳನ್ನು ತೆಗೆದುಕೊಳ್ಳಬೇಕು. 40 ಸೆಂಟಿಮೀಟರ್ ಅಂತರದ ಎರಡು ಆಧಾರಗಳ ಮೇಲೆ ಒಂದೊಂದನ್ನೇ ಇಟ್ಟು, ನಡುವೆ 1 ಕಿಲೋಗ್ರಾಂ ತೂಗುಹಾಕಿ, ಎಷ್ಟು ಮಿಲಿಮೀಟರ್ ಬಾಗಿತೆಂದು ಬರೆದಿಡಬೇಕು. ಬಳಿಕ ಗುರುಗಳ ಸಮ್ಮುಖದಲ್ಲಿ ಒಂದನ್ನು ಮಾತ್ರ ಬೆಲ್ಲದ ಬಣ್ಣ ಬರುವಂತೆ ಕಾಯಿಸಿ, ಎರಡು ವಾರಗಳ ನಂತರ ಎರಡನ್ನೂ ಮತ್ತೆ ಅಳೆಯಬೇಕು. ಕಾಯಿಸದ ಪಟ್ಟಿಯು ಹೋಲಿಕೆಗೆ ಆಧಾರ. ಅದಿಲ್ಲದೆ ವ್ಯತ್ಯಾಸವು ಬೆಂಕಿಯಿಂದ ಬಂದಿತೋ ಹವೆಯಿಂದ ಬಂದಿತೋ ಹೇಳಲಾಗದು.

ಉಪಸಂಹಾರ

ಜಪಾನಿನ ಬಿಲ್ಲುಗಾರರು ಇಂದಿಗೂ ತಮ್ಮ ನೀಳವಾದ ಬಿಲ್ಲಿನ ನಡುವೆ ಸುಟ್ಟು ಹದಗೊಳಿಸಿದ ಬಿದಿರ ಪಟ್ಟಿಗಳನ್ನು ಸೇರಿಸುತ್ತಾರೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಬಿಲ್ಲಿನ ನೆಲೆ ಬೇಟೆಯ ಕಾಡಲ್ಲ, ಆಟದ ಬಯಲು. ರಾಜಸ್ಥಾನದ ಬುಡಕಟ್ಟಿನಲ್ಲಿ ಹುಟ್ಟಿ ಬಿದಿರಿನ ಬಿಲ್ಲಿನಿಂದ ಅಭ್ಯಾಸವನ್ನು ಆರಂಭಿಸಿದ ಲಿಂಬಾ ರಾಮ್ ಅವರು 1988, 1992, 1996ರ ಮೂರು ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ದೇಶವನ್ನು ಪ್ರತಿನಿಧಿಸಿದರು. 2017ರ ತಿದ್ದುಪಡಿಯಿಂದ ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಕಾಯ್ದೆಯು ಮರವೆಂದು ಎಣಿಸುವುದಿಲ್ಲ. ರೈತನು ತನ್ನ ಹೊಲದ ಬದುವಿನಲ್ಲಿ ಅದನ್ನು ಬೆಳೆಯಬಹುದು.

ಬಿದಿರು ಇದೆ, ಕೆಂಡವಿದೆ, ಹದವನ್ನು ಬಲ್ಲ ಆಲೆಮನೆಯ ಕಣ್ಣೂ ಮೇದಾರರ ಕೈಯೂ ಇವೆ. ಇವರಿಂದ ವಿನಯದಿಂದ ಕೇಳಿ, ಅಳತೆಯಿಂದ ಪರೀಕ್ಷಿಸಿ, ಕಂಡುದನ್ನು ಬರೆದಿಡುವುದು ವಿದ್ಯಾರ್ಥಿಗಳ ಪಾಲಿನ ಕೆಲಸ. ಬರೆದಿಟ್ಟ ವಿದ್ಯೆಯು ಮುಂದಿನ ತಲೆಮಾರಿಗೂ ಉಳಿಯುತ್ತದೆ.