ಬ್ಯಾಟರಿ ಗಾಡಿಯೂ ಊರ ದಾರಿಯೂ

ನಡೆಯಲಾರದವನಿಗೆ ವಾಹನವೊಂದನ್ನು ಕೊಡುವ ಸಮಾಜವು, ಅದನ್ನು ನಡೆಸುವ ವಿದ್ಯೆಯನ್ನೂ, ಅದರಿಂದ ಪರರಿಗೆ ಹಾನಿಯೊದಗಿದಲ್ಲಿ ಅದನ್ನು ತುಂಬಿಕೊಡುವ ಉಪಾಯವನ್ನೂ ವಾಹನದೊಡನೆಯೇ ಕೊಡತಕ್ಕದ್ದು ಎಂಬುದರಲ್ಲಿ ವಿವಾದಕ್ಕೆ ಎಡೆಯಿರಲಾರದೆಂದು ನಾನು ಬಹುಕಾಲ ಭಾವಿಸಿದ್ದೆನು. ಶೈಶವದಲ್ಲಿಯೇ ಪೋಲಿಯೋ ರೋಗಕ್ಕೆ ಎರಡು ಕಾಲುಗಳನ್ನೂ ಒಪ್ಪಿಸಿ, ಕೈಯಿಂದ ತಿರುವುವ ಮೂರು ಗಾಲಿಯ ಸೈಕಲ್ಲಿನ ಮೇಲೆ ಕನ್ನಡ ಶಾಲೆಯ ಮಾಸ್ತರಿಕೆಯನ್ನು ಮುಗಿಸಿ, ಭುಜಗಳು ಸೋತ ಮೇಲೆ ಬ್ಯಾಟರಿ ಗಾಡಿಗೆ ಬಂದವನು ನಾನು. ಈ ಗಾಡಿ ನನ್ನ ಮನೆಯಂಗಳಕ್ಕೆ ಬಂದ ಬಳಿಕ, ಇಂಥದನ್ನೇ ಪಡೆದ ಸುತ್ತಣ ಊರುಗಳ ಜನರು ಸಲಹೆ ಕೇಳಿಕೊಂಡು ಬರತೊಡಗಿದರು. ಅವರ ಸಹವಾಸದಿಂದಲೇ ಈ ವಿಷಯದಲ್ಲಿ ನನಗೊಂದು ಅಭಿಪ್ರಾಯ ಹುಟ್ಟಿತೆನ್ನಬೇಕು.

ನಮ್ಮ ಮೈಂದರ್ಗಿಯು ಮಹಾರಾಷ್ಟ್ರದ ಅಕ್ಕಲಕೋಟೆ ತಾಲೂಕಿಗೆ ಸೇರಿದ ನಗರಪರಿಷತ್ತಿನ ಊರು. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಕಬ್ಬಿನ ಹಂಗಾಮು ಮೊದಲಾಯಿತೆಂದರೆ ಎರಡೆರಡು ಟ್ರೇಲರುಗಳನ್ನು ಹಿಂದೆ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಸಾಗುತ್ತವೆ; ಮಳೆಗಾಲದಲ್ಲಿ ಎರೆಮಣ್ಣು ಡಾಂಬರಿನ ಮೇಲೆ ಹರಡಿ ಜಾರತೊಡಗುತ್ತದೆ; ಇನ್ನು ಅಕ್ಕಲಕೋಟೆಯಲ್ಲಿಯೋ, ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಯಾತ್ರಿಕರ ಮೋಟಾರುಗಳ ನಡುವೆ ಕಾಲುಳ್ಳವನೇ ದಾರಿ ದಾಟಲು ಹಿಂದುಮುಂದು ನೋಡುವನು. ಕೆಳಮಟ್ಟದಲ್ಲಿ ಕುಳಿತು ಮೆಲ್ಲನೆ ಸಾಗುವ ಗಾಡಿಯೊಂದು ಪಾಲುಗೊಳ್ಳಬೇಕಾದ ದಾರಿ ಇಂಥದು.

ಈ ಗಾಡಿಗಳನ್ನು ಕಾಯಿದೆಯು ಕಾಣುವ ರೀತಿ ವಿಚಿತ್ರವಾಗಿದೆ. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆಯಿದ್ದು, ವೇಗವು ಗಂಟೆಗೆ 25 ಕಿಲೋಮೀಟರಿನೊಳಗೆ ನಿಂತು, ಬ್ಯಾಟರಿಯನ್ನುಳಿದ ತೂಕವು 60 ಕಿಲೋಗ್ರಾಮನ್ನು ಮೀರದೆ, ತಕ್ಕ ಬ್ರೇಕುಗಳೂ ಮುಂದೆ ಬಿಳಿಯ ಹಿಂದೆ ಕೆಂಪಿನ ರಿಫ್ಲೆಕ್ಟರುಗಳೂ ಇದ್ದು, ಇದಿಷ್ಟೂ ಸರಿಯೆಂದು ಮಾನ್ಯತೆ ಪಡೆದ ಪರೀಕ್ಷಾಸಂಸ್ಥೆಯೊಂದು ಪ್ರಮಾಣೀಕರಿಸಿದ ಪಕ್ಷದಲ್ಲಿ, ಕೇಂದ್ರ ಮೋಟಾರು ವಾಹನ ನಿಯಮಗಳ ದೃಷ್ಟಿಯಲ್ಲಿ ಅಂಥ ಬ್ಯಾಟರಿ ಗಾಡಿಯು ಮೋಟಾರು ವಾಹನವೇ ಅಲ್ಲ. ಆದುದರಿಂದ ಅದಕ್ಕೆ ನಂಬರಿಲ್ಲ, ಲೈಸೆನ್ಸಿಲ್ಲ, ವಿಮೆಯಿಲ್ಲ. ಅದೇ ಕೇರಿಯಲ್ಲಿ ಇನ್ನೊಬ್ಬನು ಸಾಮಾನ್ಯ ಸ್ಕೂಟರಿಗೆ ಹಿಂದುಗಡೆ ಎರಡು ಪಕ್ಕದ ಗಾಲಿಗಳನ್ನು ಕೂಡಿಸಿಕೊಂಡು ಓಡಾಡುವನು, ಅವನಿಗಾದರೋ ಎಂ.ಎಚ್. 13ರ ನಂಬರು, ಲೈಸೆನ್ಸು, ವಿಮೆ ಎಲ್ಲವೂ ಬೇಕು. 1988ರ ಕಾಯಿದೆಯು ಅಂಗವಿಕಲರಿಗೆಂದೇ ರಚಿತವಾದ ವಾಹನವನ್ನು ಮಾತ್ರ ಪ್ರತ್ಯೇಕ ವರ್ಗವೆಂದು ಗಣಿಸಿತ್ತು. 2019ರ ತಿದ್ದುಪಡಿಯು ಹೀಗೆ ಮಾರ್ಪಡಿಸಿಕೊಂಡ ವಾಹನವನ್ನೂ ಅದರೊಳಗೆ ಸೇರಿಸಿತು. ಒಬ್ಬನು ಪೂರ್ಣ ಚಾಲಕ, ಇನ್ನೊಬ್ಬನು ಕಾಯಿದೆಯ ಕಣ್ಣಿನಲ್ಲಿ ಹೆಚ್ಚುಕಡಿಮೆ ಪಾದಚಾರಿ. ಪಾದಚಾರಿಯಾಗಲಾರದವನಿಗೆ ಈ ಪದವಿ ದೊರೆತದ್ದು ಒಂದು ಬಗೆಯ ವಿನೋದವೇ ಸರಿ.

ಗಾಡಿಯಿಂದ ಅಪಾಯವುಂಟೆಂಬುದು ಸರಕಾರಕ್ಕೆ ತಿಳಿಯದ ಸಂಗತಿಯೇನೂ ಅಲ್ಲ. ಅಂಗವಿಕಲರಿಗೆ ಸಾಧನಗಳನ್ನೊದಗಿಸುವ ಕೇಂದ್ರದ ಎಡಿಪ್ ಯೋಜನೆ ನಡೆಯುತ್ತಿರುವುದು 1981ರಿಂದ. ತೀವ್ರ ವೈಕಲ್ಯವುಳ್ಳ, 16 ವರ್ಷ ತುಂಬಿದವರಿಗೆ ಅದರಲ್ಲಿ ಮೋಟಾರಿನ ಮೂರು ಗಾಲಿ ಗಾಡಿಗಾಗಿ 25,000 ರೂಪಾಯಿಗಳ ನೆರವನ್ನು ಗೊತ್ತುಪಡಿಸಲಾಯಿತು. ಬುದ್ಧಿಮಾಂದ್ಯವುಳ್ಳವರಿಗೆ ಮಾತ್ರ ಅದು ಸಲ್ಲದು, ಏಕೆಂದರೆ ಅಪಘಾತದ ಭಯವುಂಟು ಎಂದು ಅದೇ ಯೋಜನೆಯ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ. ಅಪಾಯವನ್ನು ಬಲ್ಲವರು ಅದರಿಂದ ಪಾರಾಗುವ ಬಗೆಯನ್ನು ಹೇಳಿಕೊಡುವುದೂ ನ್ಯಾಯವಲ್ಲವೆ? ನಾನು ಕಂಡ ಶಿಬಿರವೊಂದರಲ್ಲಿ ಹಾರಗಳಿದ್ದವು, ಫೋಟೋ ಇತ್ತು, ಭಾಷಣಗಳು ಧಾರಾಳವಾಗಿದ್ದವು. ಕೀಲಿಕೈಯನ್ನು ಕೈಗಿತ್ತ ಮೇಲೆ ಗಾಡಿಯನ್ನು ಟೆಂಪೋಕ್ಕೆ ಏರಿಸುವ ಹುಡುಗನೊಬ್ಬನು ಹೇಳಿದ ಎರಡು ಮಾತುಗಳೇ ಶಿಕ್ಷಣವಾಗಿತ್ತು.

ಆ ಎರಡು ಮಾತುಗಳಿಂದ ಏನಾಗುವುದೆಂಬುದನ್ನು ಸಂತೆಯ ದಿನವೊಂದರಲ್ಲಿ ಊರೇ ಕಂಡಿತು. ಲಕ್ವಾ ಹೊಡೆದು ಎಡಭಾಗ ಸೋತಿದ್ದ ಹಿರಿಯ ಒಕ್ಕಲಿಗನೊಬ್ಬನು ಹೊಸ ಗಾಡಿಯಲ್ಲಿ ಸಂತೆಗೆ ಬಂದಿದ್ದನು. ಹಿಂದಿನಿಂದ ಟ್ರ್ಯಾಕ್ಟರಿನ ಹಾರ್ನು ಒಮ್ಮೆಗೇ ಮೊಳಗಿತು. ಗಾಡಿ ನಿಲ್ಲುವ ಬದಲು ಮುಂದಕ್ಕೆ ಹಾರಿ, ಪುಂಡಿಪಲ್ಯೆ ಮಾರುತ್ತ ಕುಳಿತಿದ್ದ ಮುದುಕಿಯ ಮೇಲೆ ಹಾಯಿತು. ಆಕೆಯ ಮುಂಗೈಯ ಎಲುಬು ಮುರಿಯಿತು. ಮರುದಿನ ಆತನು ನನ್ನೆದುರು ಕುಳಿತು ಹೇಳಿದ ಮಾತು ಇದು: “ಹಿಡಿ ಬಿಟ್ರ ಗಾಡಿ ನಿಂದರತದ ಅಂತ ಹೇಳಿದ್ರರೀ ಮಾಸ್ತರ, ಖರೆ ಅಂಜಿದಾಗ ಕೈ ಬಿಡೂದಲ್ರಿ, ಹಿಡಿಯೂದು.”

ಈ ಗಾಡಿಯ ಶಾಸ್ತ್ರವೆಲ್ಲ ಈ ಮಾತಿನಲ್ಲಿಯೇ ಅಡಗಿದೆಯೆಂದು ನನಗೆ ಆಗ ತೋರಿತು, ಈಗಲೂ ತೋರುತ್ತದೆ. ವೇಗವನ್ನು ಕೊಡುವುದು ಬಲಗೈಯ ಹಿಡಿ. ಆಧಾರಕ್ಕೆ ಹಿಡಿಯುವುದೂ ಅದನ್ನೇ. ಊರುಗೋಲನ್ನು ಪಕ್ಕಕ್ಕಿಟ್ಟು ಆಸನದಿಂದ ಏಳುವಾಗ, ಅಥವಾ ಏರಿ ಕುಳ್ಳಿರುವಾಗ, ದೇಹದ ಭಾರವೆಲ್ಲ ಆ ಹಿಡಿಯ ಮೇಲೆ ಬೀಳುವುದು, ಹಿಡಿ ತಿರುಗುವುದು, ಕೀಲಿ ತೆರೆದಿದ್ದರೆ ಗಾಡಿ ಹೊರಡುವುದು. ಆದುದರಿಂದ ನನ್ನ ಬಳಿ ಬಂದವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಓಡಿಸುವುದಲ್ಲ, ಕೀಲಿಯನ್ನು ಮುಚ್ಚಿ ಏರುವುದು, ಮುಚ್ಚಿ ಇಳಿಯುವುದು. ಎರಡನೆಯದು, ಶಾಲೆಯ ಬಯಲಿನಲ್ಲಿ ಮೆಲ್ಲನೆ ಸಾಗುತ್ತಿರುವಾಗ ಹಿಂದಿನಿಂದ ಯಾರಾದರೂ ಒಮ್ಮೆಲೆ ಕೂಗುವುದು, ಕೂಗಿದ ಕ್ಷಣದಲ್ಲಿ ಹಿಡಿಯನ್ನು ಸಡಿಲಿಸಿ ಬ್ರೇಕನ್ನು ಒತ್ತುವುದು. ಇದು ಬುದ್ಧಿಗೆ ಹೇಳಿದರೆ ಬರುವ ವಿದ್ಯೆಯಲ್ಲ, ಕೈಗೆ ಕಲಿಸಬೇಕಾದದ್ದು. ಮೂರನೆಯದು ತಿರುವು. ಮುಂದೆ ಒಂದೇ ಗಾಲಿಯುಳ್ಳ ಗಾಡಿಯು ವೇಗದಲ್ಲಿ ತಿರುಗಿದರೆ ಹೊರಮಗ್ಗುಲಿಗೆ ವಾಲಿ ಬೀಳುತ್ತದೆ. ತಿರುವಿಗೆ ಮೊದಲೇ ವೇಗವನ್ನಿಳಿಸಿ, ಮೈಯನ್ನು ಒಳಮಗ್ಗುಲಿಗೆ ಬಾಗಿಸಬೇಕು. ಲಕ್ವಾದಿಂದ ಒಂದು ಮಗ್ಗುಲು ಸೋತವನಿಗೆ ಒಂದು ಕಡೆಯ ತಿರುವು ಇನ್ನೊಂದು ಕಡೆಯದಕ್ಕಿಂತ ಕಠಿಣ. ಯಾವುದೆಂಬುದನ್ನು ಅವನು ಬಯಲಿನಲ್ಲಿಯೇ ಅರಿತುಕೊಳ್ಳುವುದು ಲೇಸು. ರಸ್ತೆಯ ಉಬ್ಬನ್ನು ಓರೆಯಾಗಿ ದಾಟಬಾರದು, ಏರನ್ನು ಅಡ್ಡಡ್ಡವಾಗಿ ಹತ್ತಬಾರದು, ಬ್ಯಾಟರಿ ಬತ್ತಿದಾಗ ಏರಿಗೆ ಹೋಗಲೇಬಾರದು. ಕಬ್ಬಿನ ಟ್ರ್ಯಾಕ್ಟರು ಹಾದುಹೋಗುವಾಗ ಮೊದಲನೆಯ ಟ್ರೇಲರು ದಾಟಿತೆಂದು ದಾರಿಗಿಳಿಯದೆ ಎರಡನೆಯದಕ್ಕಾಗಿ ಕಾಯಬೇಕೆಂಬುದು ಯಾವ ಕೈಪಿಡಿಯಲ್ಲಿಯೂ ಇರಲಾರದು. ನಮ್ಮ ಊರಿನಲ್ಲಿ ಮುಖ್ಯವಾದ ಪಾಠವೇ ಅದು.

ಇದನ್ನು ಕನ್ನಡದಲ್ಲಿ, ಅವರವರ ಕೇರಿಯ ದಾರಿಯಲ್ಲಿ, ಇದೇ ಬಗೆಯ ಗಾಡಿಯನ್ನು ನಡೆಸಿ ಬಲ್ಲವನೊಬ್ಬನು ಹೇಳಿಕೊಡಬೇಕು. ಶಿಕ್ಷಣವು ಬೇಕೆಂದಾಕ್ಷಣ ಪರೀಕ್ಷೆ ಬೇಕು, ಪರೀಕ್ಷೆಯೆಂದಾಕ್ಷಣ ಲೈಸೆನ್ಸು ಬೇಕು ಎಂದು ಹೊರಡುವವರ ಪಕ್ಷವನ್ನು ನಾನು ಒಪ್ಪಲಾರೆ. ಲೈಸೆನ್ಸಿಗಾಗಿ ಅಕ್ಕಲಕೋಟೆಯನ್ನು ದಾಟಿ ಸೊಲ್ಲಾಪುರದ ತನಕ ಹೋಗಿ ಬರುವ ಶಕ್ತಿಯಿದ್ದವನಿಗೆ ಈ ಗಾಡಿಯ ಅಗತ್ಯವೇ ಅಷ್ಟಕ್ಕಷ್ಟೆ. ಕಲಿಸಬೇಕಾದ ಹೊಣೆ ಕೊಡುವವರದು. ಕಲಿಯಲಿಲ್ಲವೆಂಬ ಕಾರಣದಿಂದ ಗಾಡಿಯನ್ನೇ ಕಸಿದುಕೊಂಡರೆ ಮನುಷ್ಯನು ಮತ್ತೆ ಪಡಸಾಲೆಯ ಮೂಲೆಗೆ ಬೀಳುವನು.

ವಿಮೆಯ ವಿಚಾರವು ಇನ್ನಷ್ಟು ತೊಡಕಿನದು. ಸಂತೆಯ ಆ ಪ್ರಸಂಗದಲ್ಲಿ ಮುದುಕಿಯ ಔಷಧೋಪಚಾರದ ಹಣ ಗಾಡಿಯವನಲ್ಲಿರಲಿಲ್ಲ. ಅಂಗಡಿಕಾರರು ಪಟ್ಟಿ ಎತ್ತಿ ಕೊಟ್ಟರು. ನಮ್ಮ ಜನರ ಸೌಜನ್ಯವನ್ನು ನಾನು ಕೊಂಡಾಡುವೆನಾದರೂ, ಸೌಜನ್ಯವು ವಿಮೆಯ ಸ್ಥಾನದಲ್ಲಿ ನಿಲ್ಲಲಾರದು. ಗಾಡಿಯು ಮೋಟಾರು ವಾಹನವಲ್ಲವೆಂದ ಮೇಲೆ ಅದರಿಂದ ಗಾಯಗೊಂಡವರಿಗೆ ಮೋಟಾರು ಅಪಘಾತ ಪರಿಹಾರದ ನ್ಯಾಯಾಧಿಕರಣದ ಬಾಗಿಲೂ ಇಲ್ಲ. ಸಾಮಾನ್ಯ ಸಿವಿಲ್ ದಾವೆಯೊಂದೇ ಗತಿ. ಪಲ್ಯೆ ಮಾರುವ ಮುದುಕಿಯು ಭಿಕ್ಷುಕಪ್ರಾಯನಾದ ಅಂಗವಿಕಲನ ಮೇಲೆ ದಾವೆ ಹೂಡುವ ದೃಶ್ಯವನ್ನು ಊಹಿಸಿಕೊಳ್ಳಿರಿ. ಪ್ರತಿಯಾಗಿ, ಟ್ರ್ಯಾಕ್ಟರು ನನಗೆ ಬಡಿದರೆ ಅದರ ವಿಮೆಯಿಂದ ಪರಿಹಾರವನ್ನು ಕೇಳಲು ನನಗೆ ಅವಕಾಶವುಂಟು. ಆದರೆ ಸಂಜೆಯ ಮಬ್ಬಿನಲ್ಲಿ ನನ್ನ ಗಾಡಿಗೆ ಕೆಂಪು ರಿಫ್ಲೆಕ್ಟರು ಇರಲಿಲ್ಲವೆಂದು ಎದುರುಪಕ್ಷದ ವಕೀಲರು ವಾದಿಸದೆ ಬಿಡರು. ನನ್ನ ಪಾಠಗಳಲ್ಲಿ ರಿಫ್ಲೆಕ್ಟರನ್ನು ಒರಸಿಡುವುದೂ ಸೇರಿದ್ದು ಇದಕ್ಕಾಗಿ.

ಬ್ಯಾಂಕಿನವರು ವಿಮೆಯೆಂದು ತೋರಿಸುವುದು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು. 18ರಿಂದ 70 ವಯಸ್ಸಿನವರಿಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಿಂದ ಮರಣವೊದಗಿದರೆ 2 ಲಕ್ಷ. ಅದು ಉತ್ತಮವೇ, ಮಾಡಿಸಿಕೊಳ್ಳತಕ್ಕದ್ದೇ; ಆದರೆ ಅದು ಗಾಡಿಯಲ್ಲಿ ಕುಳಿತವನನ್ನು ಕಾಯುವುದೇ ಹೊರತು ಗಾಡಿಯ ಮುಂದೆ ಸಿಕ್ಕವರನ್ನಲ್ಲ.

ಪರದೇಶಗಳಲ್ಲಿಯೂ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬ್ರಿಟನ್ನಿನಲ್ಲಿ ಗಂಟೆಗೆ 8 ಮೈಲಿಯ ವೇಗದವರೆಗಿನ ಗಾಡಿಗಳು ರಸ್ತೆಗಿಳಿಯಬಹುದು. ನೋಂದಣಿಯುಂಟು, ಲೈಸೆನ್ಸೂ ಕಡ್ಡಾಯದ ವಿಮೆಯೂ ಇಲ್ಲ. ಜರ್ಮನಿಯಲ್ಲಿ ಗಂಟೆಗೆ 6 ಕಿಲೋಮೀಟರನ್ನು ಮೀರಿದರೆ ವಿಮೆಯ ಫಲಕವನ್ನು ತೂಗಿಸಬೇಕು, ಲೈಸೆನ್ಸು ಮಾತ್ರ ಬೇಡ. ನನಗೆ ಹೆಚ್ಚು ಹಿಡಿಸಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕ್ರಮ: ಗಾಡಿಯ ನೋಂದಣಿ ಕಡ್ಡಾಯ, ಆದರೆ ನೋಂದಣಿಗೂ ಅದರೊಡನೆ ಬರುವ ಮೂರನೆಯವರ ವಿಮೆಗೂ ಬಳಕೆದಾರನಿಂದ ಕಾಸು ಕೇಳುವುದಿಲ್ಲ. ನಮ್ಮಲ್ಲಿ ಇದು ಅಸಾಧ್ಯವೆನ್ನಲು ಕಾರಣ ಕಾಣದು. ಸ್ಥಳೀಯ ಸಂಸ್ಥೆಗಳು ತಮ್ಮ ವರಮಾನದ ಶೇಕಡ 5 ಪಾಲನ್ನು ದಿವ್ಯಾಂಗರಿಗೆ ವ್ಯಯಿಸಬೇಕೆಂಬ ನಿಯಮ ಮಹಾರಾಷ್ಟ್ರದಲ್ಲಿದೆ. ಊರಿನ ಗಾಡಿಗಳಿಗೆಲ್ಲ ಸೇರಿಸಿ ಒಂದೇ ವಿಮೆಯನ್ನು ಮಾಡಿಸಿ, ಕಲಿಸುವವನಿಗೊಂದು ಗೌರವಧನವನ್ನಿತ್ತರೆ ಆ ಪಾಲಿಗೆ ಅದೇನೂ ಹೊರೆಯಾಗದು.

ಈಚೆಗೆ ಪೇಟೆಯಿಂದ ಬಲವಾದ ಗಾಡಿಗಳು ಬರತೊಡಗಿವೆ. ನೌಕರಿಯಲ್ಲಿರುವ ಮಕ್ಕಳು ಮೊಣಕಾಲು ಸೋತ ತಂದೆತಾಯಿಗಳಿಗೆ ಪ್ರೀತಿಯಿಂದ ಕೊಂಡು ಕಳುಹಿಸುತ್ತಾರೆ. ಮಾರುವವನು ಲೈಸೆನ್ಸು ಬೇಡವೆಂದು ಬಾಯಿಮಾತಿನಲ್ಲಿ ಹೇಳಿರುತ್ತಾನೆ. ಮೋಟಾರು 250 ವ್ಯಾಟನ್ನು ಮುಟ್ಟಿದಲ್ಲಿ ಆ ಮಾತಿಗೆ ಬೆಲೆಯಿಲ್ಲ. ಆ ವಾಹನಕ್ಕೆ ವಿಮೆ ಕಡ್ಡಾಯ, ಅದಿಲ್ಲದೆ ಅಪಘಾತವಾದರೆ ಪರಿಹಾರವೆಲ್ಲ ಮನೆಯವರ ತಲೆಯ ಮೇಲೆಯೇ ಬರುವುದು. ಕೊಳ್ಳುವ ಮೊದಲು ಪರೀಕ್ಷಾಸಂಸ್ಥೆಯ ಪ್ರಮಾಣಪತ್ರವನ್ನು ತೋರಿಸೆಂದು ಕೇಳಿ, ಅದರ ಪ್ರತಿಯೊಂದನ್ನು ಗಾಡಿಯ ಆಸನದ ಕೆಳಗೆ ಇಟ್ಟುಕೊಳ್ಳಿರೆಂದು ನಾನು ಅವರಿಗೆ ಹೇಳುತ್ತಿರುತ್ತೇನೆ; ತೋರಿಸಲೊಲ್ಲದ ಅಂಗಡಿಯವನಲ್ಲಿ ಕೊಳ್ಳಬೇಡಿರೆಂದೂ ಹೇಳುತ್ತೇನೆ.